ನೀನು ಹೇಳಿದ ಕುರ್ಚಿಯಲ್ಲಿ ಕುಳಿತು ಬಂದೆ

ಭಾಲ್ಕಿ
ಶುಕ್ರವಾರ, ೨೨ ನವೆಂಬರ್ ೨೦೨೪

ನನ್ನ ವಿಜಯಶ್ರೀಗೆ,

ಅವ್ವನ ಮನದುಂಬಿದ ಹರಕೆಗಳು. ಅಳಿಯ ಅಮಿತಕುಮಾರರಿಗೆ ನಮ್ಮಿಬ್ಬರ ಶರಣು ತಿಳಿಸು. ನನ್ನ ಮೊಮ್ಮಗಳು ಸಾನಿಕಾಳ ಎರಡೂ ಕೆನ್ನೆಗೆ ಮುತ್ತು ಕೊಡು, ನೋವಿರುವ ಕೆನ್ನೆಗೆ ಮೆಲ್ಲಗೆ. ನಿಮ್ಮಪ್ಪ ಆರಾಮಾಗಿದ್ದಾರೆ. ಬಟ್ಟೆ ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ, ನಡುವೆ ಗಿರಾಕಿ ಇಲ್ಲವೆಂದು ನನ್ನ ಮೇಲೆ ರೇಗುತ್ತಾರೆ. ನಾನೂ ಆರಾಮ. ಎಡ ಕೆನ್ನೆ ಮಾತ್ರ ಇನ್ನೂ ಸ್ವಲ್ಪ ದಪ್ಪಗಿದೆ. ಅದರ ಕಥೆ ಹೇಳಲೆಂದೇ ಈ ಕಾಗದ.

ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ದೀಪಾವಳಿ ಪಾಡ್ಯದ ದಿನ ನೀನು ಫೋನಿನಲ್ಲಿ ಒಂದು ಮಾತು ಹೇಳಿ ಇಟ್ಟುಬಿಟ್ಟೆ. ಅದಕ್ಕೆ ಉತ್ತರ ಕೊಡಲು ನನಗೆ ಮೂರು ವಾರ ಹಿಡಿಯಿತು. ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀ, ಗೊತ್ತು. ಹಲ್ಲು ಎಂಬ ಶಬ್ದ ನನ್ನ ಬಾಯಿಂದ ಬಂದರೆ ಸಾಕು, "ಅವ್ವಾ, ಒಲಿ ಮ್ಯಾಲೆ ಹಾಲ್ ಇಟ್ಟೀನಿ" ಎಂದು ಫೋನ್ ಇಡುತ್ತೀ. ಸಂತಪುರದಲ್ಲಿ ದಿನಕ್ಕೆ ಎಷ್ಟು ಸಲ ಹಾಲು ಉಕ್ಕುತ್ತದೆಯೋ ನಾ ಕಾಣೆ. ಕಾಗದವನ್ನು ಅರ್ಧಕ್ಕೆ ಇಡಬಹುದು, ಆದರೆ ಅದು ಅಲ್ಲೇ ಬಿದ್ದಿರುತ್ತದೆ, ಮತ್ತೆ ಎತ್ತಿಕೊಳ್ಳುತ್ತೀ ಎಂಬ ಆಸೆ.

ಸಾನಿಕಾಳ ದವಡೆ ಎರಡನೇ ಸಲ ಊದಿ ಜ್ವರ ಬಂದಾಗ, ಔರಾದಿನ ಡಾಕ್ಟರು ಗುಳಿಗೆ ಕೊಟ್ಟು, ಇನ್ನು ಹಲ್ಲಿನವರಿಗೆ ತೋರಿಸಲೇಬೇಕು ಎಂದು ಕಳಿಸಿದ್ದರು. ನೀನು ತೋರಿಸಲಿಲ್ಲ. "ಹಾಲಹಲ್ಲು ಅದ, ತಾನೇ ಬೀಳ್ತದ. ನನ್ನ ಕೂಸಿಗಿ ಕಟುಕರ ಕೈಯಾಗ ಕೊಡಲ್ಲ" ಎಂದೆ. ನಿನ್ನ ಒಂಬತ್ತನೇ ವಯಸ್ಸಿನಲ್ಲಿ ಇದೇ ಭಾಲ್ಕಿಯಲ್ಲಿ ಒಬ್ಬ ಡಾಕ್ಟರು ನಿನ್ನ ಹಲ್ಲು ಕಿತ್ತ ದಿನದಿಂದ ಹಲ್ಲಿನ ಡಾಕ್ಟರೆಲ್ಲ ನಿನಗೆ ಕಟುಕರೇ. ನಾನು ಎಂದಿನಂತೆ ಉಪದೇಶ ಶುರು ಮಾಡಿದೆ. ಆಗ ನೀನು ಅಂದದ್ದು: "ನಿನ್ನ ಹಲ್ಲು ಹುಳುಕ ಹಿಡದು ಉದರ್ಲಿಕತ್ತಾವ. ನೀ ಒಮ್ಮಿಯರ ಹೋಗೀಯೇನ್? ಮೊದಲ ನೀ ಹೋಗಿ ಆ ಕುರ್ಚಿ ಮ್ಯಾಲೆ ಕುಂದ್ರವ್ವಾ, ಆಮ್ಯಾಲ ನನಗ ಹೇಳು."

ಮಾತು ಚುಚ್ಚಿತು, ಆದರೆ ಖರೆ ಇತ್ತು. ಹಲಬರ್ಗಾ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಳೆದವಳು ನಾನು. ನನ್ನ ಚಪ್ಪಲಿ ಸದ್ದು ಕೇಳಿದರೆ ಏಳನೇ ತರಗತಿಯ ಹುಡುಗರು ಬೆಂಚಿನ ಕೆಳಗೆ ಸೇರುತ್ತಿದ್ದರು. ಅಂಥವಳು ಹಲ್ಲಿನ ದವಾಖಾನೆಯ ಬೋರ್ಡು ಕಂಡರೆ ರಸ್ತೆ ದಾಟಿ ಆ ಕಡೆಯಿಂದ ಹೋಗುತ್ತಿದ್ದೆ. ಲವಂಗ ಇಟ್ಟೆ, ತಂಬಾಕಿನ ಮಿಶ್ರಿ ತಿಕ್ಕಿದೆ, ಹನ್ನೆರಡು ವರ್ಷ ಒಂದೇ ಕಡೆ ಅಗಿದೆ. ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ಮುದ್ದೆ ಮಾಡಿ ನುಂಗಿದೆ. ನಿಮ್ಮಪ್ಪನಿಗೆ, ನನಗೆ ಹಾಗೇ ರುಚಿ ಎಂದು ಹೇಳಿದ್ದೆ. ಅವರು ನಂಬಿಯೂ ಬಿಟ್ಟಿದ್ದರು.

ಹನ್ನೊಂದನೇ ತಾರೀಖು ಸೋಮವಾರ ನಿಮ್ಮಪ್ಪನನ್ನು ಕರೆದುಕೊಂಡು ಬೀದರ್‌ನ ಹಲ್ಲಿನ ದವಾಖಾನೆಗೆ ಹೋದೆ. ಡಾಕ್ಟರ ಹೆಸರು ವಿನೀತ. ನನ್ನ ಶಿಷ್ಯರ ಮಕ್ಕಳ ವಯಸ್ಸು. ಆ ಕುರ್ಚಿ ಇನ್ನೂ ಹತ್ತು ಹೆಜ್ಜೆ ದೂರವಿತ್ತು, ನನ್ನ ಕಾಲು ಬಾಗಿಲಲ್ಲೇ ಹೂತುಹೋದವು. ಬಿ.ಪಿ. ನೋಡಿದರೆ ನೂರ ತೊಂಬತ್ತಾರು. ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಎಂದುಕೊಂಡೆ. ಅವರು ಆ ಕೋಣೆಯ ಬಾಗಿಲನ್ನೇ ಮುಚ್ಚಿ, ನನ್ನನ್ನು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೇಳಿದರು: "ಅಮ್ಮಾ, ನಿಮ್ಮ ಅಂಜಿಕಿ ಎಷ್ಟದರಿ? ಒಂದರಿಂದ ಹತ್ತರ ತನಕ ನಂಬರ್ ಕೊಡ್ರಿ."

ಮೂವತ್ತೊಂದು ವರ್ಷ ಮಕ್ಕಳಿಗೆ ಅಂಕ ಕೊಟ್ಟವಳಿಗೆ ತನ್ನ ಅಂಜಿಕೆಗೆ ಅಂಕ ಕೊಡು ಎಂದು ಯಾರೂ ಕೇಳಿರಲಿಲ್ಲ. "ಹದಿನೈದು" ಎಂದೆ. ಅವರು ನಗಲಿಲ್ಲ. ಚೀಟಿಯಲ್ಲಿ ಹತ್ತು ಎಂದು ಬರೆದುಕೊಂಡರು, ಜ್ವರ ಎಷ್ಟಿದೆ ಎಂದು ಬರೆಯುವ ಹಾಗೆ. ವಿಜಯಾ, ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಅಂಜಿಕೆ ಎಂದರೆ ನಾಚಿಕೆಗೇಡು ಎಂದು ತಿಳಿದಿದ್ದೆ. ಅದನ್ನೂ ಒಂದು ಕಾಯಿಲೆಯ ಹಾಗೆ ಕೇಳಿ, ಅಳೆದು, ಮದ್ದು ಕೊಡುತ್ತಾರೆ ಎಂದು ಈ ಅರವತ್ತಾರನೇ ವಯಸ್ಸಿನಲ್ಲಿ ಗೊತ್ತಾಯಿತು.

ಆಮೇಲೆ ನಿಮ್ಮಪ್ಪ ಅಂಗಡಿಯಲ್ಲಿ ಒಂದೊಂದೇ ಸೀರೆ ಬಿಚ್ಚಿ ತೋರಿಸುವ ಹಾಗೆ ಆ ಡಾಕ್ಟರು ಒಂದೊಂದೇ ದಾರಿ ಬಿಡಿಸಿ ತೋರಿಸಿದರು. ಕೆಲವರಿಗೆ ಸಮಾಧಾನದ ಮಾತು, ಒಸಡಿಗೆ ಜೋಮು ಹಿಡಿಸುವ ಮುಲಾಮು, ಸೂಜಿ, ಇಷ್ಟೇ ಸಾಕಂತೆ. ಕೆಲವರಿಗೆ ಒಂದು ತಾಸು ಮೊದಲು ಗುಳಿಗೆ. ಮಂಪರು ಬರುತ್ತದೆ, ಜೊತೆಗೆ ಮನೆಯವರು ಇರಲೇಬೇಕು. ಇನ್ನೊಂದು ಮೂಗಿನ ಮೇಲೆ ಪುಟ್ಟ ಟೋಪಿಯಂಥದ್ದು ಇಟ್ಟು ಕೊಡುವ ಗಾಳಿ. ಮೈ ಹಗುರಾಗುತ್ತದೆ, ಎಚ್ಚರ ತಪ್ಪುವುದಿಲ್ಲ, ತೆಗೆದ ಐದು ಹತ್ತು ನಿಮಿಷಕ್ಕೆ ಮೊದಲಿನಂತೆ ಆಗುತ್ತೇವೆ. ಮಕ್ಕಳಿಗೆ ಬಹಳ ಸಲ ಅದೇ ಸಾಕಾಗುತ್ತದೆಯಂತೆ. ಅದಕ್ಕೂ ಮೇಲೆ ನರದಲ್ಲಿ ಕೊಡುವ ಔಷಧ: ಅರೆನಿದ್ದೆ, ಕರೆದರೆ ಓಗೊಡುತ್ತೇವೆ, ಆದರೆ ನಡೆದದ್ದು ಅಷ್ಟಾಗಿ ನೆನಪಿರುವುದಿಲ್ಲ. ಪೂರ್ತಿ ನಿದ್ದೆ ಬೇಕೆಂದರೆ ದೊಡ್ಡ ಆಸ್ಪತ್ರೆಯ ಆಪರೇಷನ್ ಕೋಣೆಗೇ ಹೋಗಬೇಕು. ಯಾವುದೂ ಆಟವಲ್ಲ, ಎಲ್ಲಕ್ಕೂ ಅದರದರ ಅಪಾಯ ಇದೆ ಎಂದೂ ಮುಚ್ಚಿಡದೆ ಹೇಳಿದರು. ನನಗೆ ಮುರಿದ ಮೂರು ಬೇರು ತೆಗೆಯಬೇಕಿತ್ತು, ಬಿ.ಪಿ. ಬೇರೆ. ನರದ ಔಷಧವೇ ಸರಿ, ಅದಕ್ಕೆ ಅರಿವಳಿಕೆಯ ಡಾಕ್ಟರು ಪಕ್ಕದಲ್ಲಿ ಇರಬೇಕು ಎಂದರು. ಅಲ್ಲಿಯವರೆಗೆ ಬಿ.ಪಿ. ಗುಳಿಗೆ ತಪ್ಪಿಸಬಾರದೆಂದು ತಾಕೀತು ಮಾಡಿ, ಮುಂದಿನ ಸೋಮವಾರಕ್ಕೆ ಬರಹೇಳಿದರು.

ಹೊರಡುವಾಗ ಅಳಿಯಂದಿರು ಕಳಿಸಿದ ಸಾನಿಕಾಳ ಫೋಟೋ ತೋರಿಸಿದೆ. ನಿನ್ನನ್ನು ಕೇಳದೆ ತೋರಿಸಿದೆ, ಬೈದುಕೋ. ಡಾಕ್ಟರ ಮುಖ ಗಂಭೀರವಾಯಿತು. "ಫೋಟೋ ನೋಡಿ ಹೇಳಲಿಕ್ಕ ಬರಲ್ರಿ. ಆದ್ರ ಹಾಲಹಲ್ಲು ಅಂತ ಬಿಡಬ್ಯಾಡ್ರಿ. ಒಳಗ ಕೀವು ಇದ್ರ ಕೆಳಗಿನ ಹೊಸ ಹಲ್ಲಿಗೂ ಧಕ್ಕಿ ಆಗ್ತದ. ಮತ್ತ ಬಾವು ಬಂದು ಕೂಸಿಗಿ ನುಂಗಲಿಕ್ಕ ಇಲ್ಲಾ ಉಸಿರಾಡಲಿಕ್ಕ ತ್ರಾಸ ಆದ್ರ, ಒಂದ್ ನಿಮಿಷ ಕಾಯದೆ ದೊಡ್ಡ ದವಾಖಾನಿಗಿ ಓಡ್ರಿ." ಈ ಸಾಲನ್ನು ಎರಡು ಸಲ ಓದು ಮಗಳೇ.

ಸೋಮವಾರ ಹದಿನೆಂಟಕ್ಕೆ ಮತ್ತೆ ಹೋದೆವು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದರು. ನಾನು ಚಹಾ ಸಹ ಮುಟ್ಟಿರಲಿಲ್ಲ. ಅರಿವಳಿಕೆಯ ಡಾಕ್ಟರು ಜೇಬಾ ಎಂಬ ಹೆಣ್ಣುಮಗಳು, ಬೀದರಿನ ಹಳೇ ಊರಿನವಳು. ಮೂವತ್ತು ದಾಟಿರಲಿಕ್ಕಿಲ್ಲ. ಆಕೆ ನನ್ನ ಪಕ್ಕ ಕುಳಿತು, "ಅಮ್ಮಾ, ಮುಂಜಾನಿಂದ ಏನರ ತಿಂದೀರೇನ್ರಿ?" ಎಂದಳು. ಏನೂ ಇಲ್ಲ ಎಂದೆ. "ಕುಡದೀರೇನ್ರಿ?" ಇಲ್ಲ. ಚೀಟಿಯಲ್ಲಿ ಗುರುತು ಹಾಕಲು ಹೋದವಳು ನನ್ನ ಕೊರಳಿನ ಶಿವದಾರ ನೋಡಿ ಪೆನ್ನು ನಿಲ್ಲಿಸಿದಳು. "ಪೂಜಾ ಮಾಡ್ಕೊಂಡು ಬಂದೀರೇನ್ರಿ?"

"ಪೂಜಾ ಇಲ್ಲದ ಹೊರಗ ಹ್ಯಾಂಗ ಬರ್ತೇನ್ರಿ?" ಎಂದೆ.

"ಪ್ರಸಾದ ತಗೊಂಡ್ರೇನ್ರಿ?"

"ತಗೊಳ್ಳದ ಇರ್ತಾರೇನ್ರಿ?" ಏಳು ಗಂಟೆಗೆ ಲಿಂಗಪೂಜೆ ಮುಗಿಸಿ, ಪಾದೋದಕ ತೆಗೆದುಕೊಂಡು, ಹಾಲಿನಲ್ಲಿ ಬಾಳೆಹಣ್ಣು ಕಿವುಚಿ ಎಡೆ ಮಾಡಿದ್ದನ್ನು ಅರ್ಧ ಬಟ್ಟಲು ಸ್ವೀಕರಿಸಿದ್ದೆ. ಅದನ್ನು ತಿಂದೆ ಎಂದು ನಾನು ಹುಟ್ಟಿದಾಗಿನಿಂದ ಅಂದವಳಲ್ಲ. ತಿನ್ನುವುದು ಬೇರೆ, ಪ್ರಸಾದ ಬೇರೆ.

ಆಕೆ ಪೆನ್ನು ಮುಚ್ಚಿದಳು. "ಇವತ್ತು ಆಗಲ್ರಿ ಅಮ್ಮಾ."

ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಧೈರ್ಯ ಕಟ್ಟಿಕೊಂಡು ಬಂದಿದ್ದೆ ನಾನು! "ಪ್ರಸಾದಕ್ಕ ಊಟ ಅಂತೀರೇನ್ರಿ?" ಎಂದು ತರಗತಿಯ ದನಿಯಲ್ಲೇ ಕೇಳಿದೆ. ಆಕೆ ಕದಲಲಿಲ್ಲ. "ನಿಮಗ ಅದು ಪ್ರಸಾದ ಅದರಿ. ನಾ ಕೊಡೋ ದವಾಕ್ಕ ಅದು ಹಾಲು, ಬಾಳಿಹಣ್ಣೇ. ನಿದ್ದ್ಯಾಗ ಮ್ಯಾಲೆ ಬಂದು ಉಸಿರಿನ ದಾರ್ಯಾಗ ಹೋದ್ರ ಜೀವಕ್ಕ ಬರ್ತದರಿ. ಆರು ತಾಸು ಖಾಲಿ ಇರಬೇಕು." ನಿಮ್ಮಪ್ಪನೂ ಬಾಯಿ ಹಾಕಿದರು: "ಅಂಗಡಿ ಮುಚ್ಚಿ ಬಂದೀನ್ರಿ ಡಾಕ್ಟರ. ಅರ್ಧ ಬಟ್ಟಲ ಹಾಲಿಗಿ ಏನಾಗ್ತದ? ನಡಸ್ರಿ." ಆಕೆ ನಗುತ್ತಲೇ, "ಇಲ್ರಿ ಕಾಕಾ. ನಾಳಿ ಬರ್ರಿ" ಎಂದಳು. ಅಷ್ಟೇ. ಆ ನಗುವನ್ನು ಅಲುಗಾಡಿಸಲು ನಮ್ಮಿಬ್ಬರಿಂದ ಆಗಲಿಲ್ಲ.

ನಿಮಗೆ ಹೇಗೆ ಹೊಳೆಯಿತು ಎಂದು ಹೋಗುವಾಗ ಕೇಳಿದೆ. "ನಮ್ಮ ಮನಿ ಬಾಜು ಲಿಂಗಾಯತರ ಅಜ್ಜಿ ಇದ್ರು. ದಿನಾ ನನ್ನ ಕೈಯಾಗ ಪ್ರಸಾದ ಹಾಕಿ, ತಾವೂ ತಗೋತಿದ್ರು. ಆಮ್ಯಾಲ ನಮ್ಮ ಅಮ್ಮಿ ನಾಷ್ಟಾ ಆತೇನ್ರಿ ಅಂತ ಕೇಳಿದ್ರ, ಇನ್ನೂ ಏನೂ ತಿಂದಿಲ್ಲ ಅಂತಿದ್ರು. ಸುಳ್ಳು ಹೇಳೋ ಮಂದಿ ಅಲ್ರಿ ಅವರು." ನಾನು ಬಸ್ಸಿನಲ್ಲಿ ಭಾಲ್ಕಿ ಬರುವ ತನಕ ಮಾತಾಡಲಿಲ್ಲ. ಪಕ್ಕದ ಮನೆಯ ಅಜ್ಜಿಯ ಅಂಗಳದಲ್ಲಿ ಆಡಿದ ಒಂದು ಕೂಸು ದೊಡ್ಡದಾಗಿ, ಯಾವುದೋ ಊರಿನ ಇನ್ನೊಬ್ಬ ಮುದುಕಿಯ ಜೀವ ಕಾಯಿತು. ಇದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಮಂಗಳವಾರ ನಸುಕಿನಲ್ಲೇ ಪೂಜೆ ಮಾಡಿ, ಪ್ರಸಾದದ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟು, ಡಾಕ್ಟರು ಹೇಳಿದಂತೆ ಬಿ.ಪಿ. ಗುಳಿಗೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ಹೋದೆ. ನರ್ಸು ಬಳೆ, ಕಿವಿಯೋಲೆ, ಮಂಗಳಸೂತ್ರ ಎಲ್ಲ ತೆಗೆಸಿ ನಿಮ್ಮಪ್ಪನ ಕೈಗೆ ಕೊಟ್ಟಳು. ಲಿಂಗಕ್ಕೆ ಕೈ ಹಾಕಿದಾಗ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಜೇಬಾ ಅಲ್ಲಿಂದಲೇ, "ಅದಕ್ಕ ಮುಟ್ಟಬ್ಯಾಡ್ರಿ, ಮೈ ಮ್ಯಾಲೇ ಇರಲಿ. ನಮ್ಮ ತಂತಿ ಜರಾ ಬಾಜೂಕ ಹಚ್ಚೋಣ" ಎಂದಳು. ಎದೆಯ ಮೇಲೆ ವಸ್ತ್ರದಲ್ಲಿ ನನ್ನ ಲಿಂಗ, ಅದರ ಸುತ್ತ ಮೂರು ತಂತಿ, ಬೆರಳಿಗೆ ಕೆಂಪು ದೀಪದ ಚಿಮಟ, ಮೂಗಿಗೆ ಆಮ್ಲಜನಕ. ಗೋಡೆಯ ಮೇಲಿನ ಪರದೆಯಲ್ಲಿ ನನ್ನ ಎದೆಬಡಿತ ಗೆರೆಯಾಗಿ ಓಡುತ್ತಿತ್ತು. ಇಷ್ಟು ವರ್ಷ ನನ್ನೊಳಗೆ ಇದ್ದದ್ದನ್ನು ಅವತ್ತು ಮೊದಲ ಸಲ ಕಂಡೆ.

"ನಿಮ್ಮ ಸಾಲಿ ಬಗ್ಗೆ ಹೇಳ್ರಿ ಅಮ್ಮಾ" ಎಂದು ಜೇಬಾ ಔಷಧ ಬಿಡಲು ಶುರು ಮಾಡಿದಳು. ಹಲಬರ್ಗಾದ ಶಾಲೆ, ಅದರ ಮುಂದಿನ ನೀರಿನ ತೊಟ್ಟಿ, ತೊಟ್ಟಿಯ ಪಕ್ಕ ಗಂಟೆ ಎಂದು ಹೇಳುತ್ತ ಹೋದೆ. ಅಂಜಿಕೆ ಇರಲಿಲ್ಲ ಎನ್ನುವುದಿಲ್ಲ. ಇತ್ತು, ಆದರೆ ಅದು ಬೇರೆ ಯಾರದೋ ಅನಿಸಿತು. ಮುಂದೆ ಚೂರುಪಾರು ನೆನಪು: ಬೆಳಕು, ನೀರಿನ ಸದ್ದು, ಬಾಯಿ ತೆಗೆಯಿರಿ ಎಂಬ ದನಿ. "ಆತ್ರಿ ಅಮ್ಮಾ, ಮುಗೀತು" ಎಂದಾಗ, ಇನ್ನೂ ಶುರುವಾಗಿಲ್ಲವಲ್ಲ ಎಂದು ಜಗಳ ತೆಗೆದೆನಂತೆ. ಐವತ್ತು ನಿಮಿಷ ಕಳೆದಿದ್ದವು.

ಆ ಐವತ್ತು ನಿಮಿಷ ಜೇಬಾ ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ. ನನ್ನ ತಲೆಯ ಹತ್ತಿರ ಕುಳಿತು ನನ್ನ ಉಸಿರು ನೋಡುತ್ತಿದ್ದಳು. ಹಲ್ಲು ಕೀಳಲು ಒಬ್ಬರು, ನಾನು ಉಸಿರಾಡುತ್ತಿದ್ದೇನೆಯೇ ಎಂದು ನೋಡಲು ಇನ್ನೊಬ್ಬರು! ನಿನ್ನನ್ನು ಹೆತ್ತಾಗಲೂ ನನ್ನನ್ನು ಯಾರೂ ಹಾಗೆ ನೋಡುತ್ತ ಕುಳಿತಿರಲಿಲ್ಲ. ಮನುಷ್ಯರು ಎಂಥೆಂಥ ವಿದ್ಯೆ ಕಲಿತಿದ್ದಾರೆ ವಿಜಯಾ, ಅದರಲ್ಲೂ ಇನ್ನೊಬ್ಬರ ಅಂಜಿಕೆಗಾಗಿ! ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಿಮ್ಮಪ್ಪ ಕಾರು ಮಾಡಿಸಿ ಮನೆಗೆ ಕರೆತಂದರು. ಒಂದು ದಿನ ಒಲೆ ಹಚ್ಚಬಾರದು, ಕಾಗದಕ್ಕೆ ಸಹಿ ಹಾಕಬಾರದು, ಒಬ್ಬಳೇ ಓಡಾಡಬಾರದು ಎಂದು ಡಾಕ್ಟರು ಹೇಳಿದ್ದರು. ನಿಮ್ಮಪ್ಪ ಗಂಜಿ ಮಾಡಿದರು. ನೀನು ನೋಡಬೇಕಿತ್ತು, ಅಂಗಡಿಯ ಅಂಟಿಗೂ ಆ ಗಂಜಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮೆಚ್ಚಿ ಕುಡಿದೆ.

ಸಾನಿಕಾಳ ಬಗ್ಗೆ ವಿನೀತರು ಹೇಳಿದ್ದು ಇಷ್ಟು: "ಮೊದಲ ದಿನ ಬಾಯಾಗ ಏನೂ ಹಾಕಲ್ರಿ. ಕುರ್ಚಿ ಮ್ಯಾಲೆ ಕೆಳಗ ಮಾಡಿ ತೋರಿಸ್ತೇವು, ಕನ್ನಡಿ ಕೈಯಾಗ ಕೊಡ್ತೇವು. ಕೂಸಿನ ತಾಯಿ ಬಾಜೂಕೇ ಇರಲಿ. ಗಾಳಿ ಬೇಕೋ ಬ್ಯಾಡೋ ಆಮ್ಯಾಲ ನೋಡೋಣ." ಸಾನಿಕಾ ಕೈ ಎತ್ತಿದರೆ ಕೆಲಸ ನಿಲ್ಲಿಸುತ್ತಾರೆ. ನಾನು ಪರೀಕ್ಷೆ ಮಾಡಿಯೇ ಬಂದಿದ್ದೇನೆ. ಮೊದಲ ಭೇಟಿಯ ದಿನ ಆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಬರೀ ಕನ್ನಡಿ ಹಿಡಿದು ನೋಡುವಾಗ ಮೂರು ಸಲ ಕೈ ಎತ್ತಿದೆ, ಮೂರು ಸಲವೂ ನಿಲ್ಲಿಸಿದರು. ನೀನು ಹೇಳಿದ್ದನ್ನು ನಾನು ಮಾಡಿದ್ದೇನೆ. ಇನ್ನು ನನ್ನ ಮಾತು ಕೇಳು. ಮುಂದಿನ ಗುರುವಾರ ಹನ್ನೊಂದು ಗಂಟೆಗೆ ವಿನೀತರ ಹತ್ತಿರ ಸಾನಿಕಾಳ ಹೆಸರು ಬರೆಸಿದ್ದೇನೆ.

ಬಸವಣ್ಣನ ದಯೆ ನಿಮ್ಮ ಮನೆಯ ಮೇಲಿರಲಿ. ನಿನ್ನ ಕೂಸು ನೋವಿಲ್ಲದೆ ನಗಲಿ, ನೀನು ಆಕೆಯ ನಗು ನೋಡುತ್ತ ಮುದುಕಿಯಾಗು.

ಇಂತಿ ನಿನ್ನ ಅವ್ವ,
ಲಲಿತಾಬಾಯಿ

ಮರೆತದ್ದು ಎಂದು ಬರೆಯಲು ಹೊರಟೆ, ಅದು ಸುಳ್ಳು. ಮರೆತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಅರೆನಿದ್ದೆಯಲ್ಲಿ ನಾನು ಅಳುತ್ತ ಒಂದೇ ಮಾತು ಹೇಳುತ್ತಿದ್ದೆನಂತೆ. ಎಲ್ಲ ಮುಗಿದ ಮೇಲೆ ಜೇಬಾ ಯಾರೂ ಇಲ್ಲದಾಗ ಹತ್ತಿರ ಬಂದು ಕೇಳಿದಳು: "ಅಮ್ಮಾ, ವಿಜಯಾ ಅಂದ್ರ ಯಾರ್ರಿ? ಆಕಿಗಿ ಇನ್ನೂ ಜೋಮು ಹಿಡದಿಲ್ಲ, ಕೀಳಬ್ಯಾಡ್ರಿ ಅಂತಿದ್ರಿ."

ಆ ಮಾತು ನಾನು ನಿನ್ನ ಹಲ್ಲು ಕಿತ್ತ ದಿನ ಹೇಳಬೇಕಿತ್ತು. ಹೇಳಿದವರು ಆ ಡಾಕ್ಟರು. "ಬಾವು ಭಾಳ ಅದರಿ, ಜೋಮಿನ ಸೂಜಿ ಹತ್ತವಲ್ದು. ಗುಳಿಗಿ ಕೊಡ್ತೇನಿ, ನಾಕ್ ದಿನ ಬಿಟ್ಟು ಕರ್ಕೊಂಡ್ ಬರ್ರಿ" ಎಂದು ಎರಡು ಸಲ ಹೇಳಿದರು. ಅವತ್ತು ಮಧ್ಯಾಹ್ನ ಶಾಲೆಗೆ ತನಿಖೆಯ ಸಾಹೇಬರು ಬರುವವರಿದ್ದರು. ಹಲಬರ್ಗಾದ ಬಸ್ಸು ತಪ್ಪುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. "ನನಗ ಮತ್ತ ರಜಾ ಸಿಗಲ್ರಿ. ಆಕಿ ನಾಟಕ ಮಾಡ್ತಾಳ, ನೀವು ಕೀಳ್ರಿ" ಎಂದವಳು ನಾನು. ಹಿಂದೆ ನಿಂತು ನಿನ್ನ ಎರಡೂ ಕೈ ಹಿಡಿದವಳೂ ನಾನು. ಅವರು ಸೋತು ಕಿತ್ತರು. ಇಪ್ಪತ್ತೆಂಟು ವರ್ಷ ಆ ಕುರ್ಚಿ ನೆನೆದಾಗಲೆಲ್ಲ ನನಗೆ ಕಂಡದ್ದು ನನ್ನ ನೋವಲ್ಲ. ನನ್ನ ಕೈಯೊಳಗೆ ಒದ್ದಾಡುವ ನಿನ್ನ ಮಣಿಕಟ್ಟುಗಳು. ಜೇಬಾ ಸೋಲದೆ "ನಾಳಿ ಬರ್ರಿ" ಎಂದು ನಕ್ಕ ದಿನ ನಾನು ಬಸ್ಸಿನಲ್ಲಿ ಸುಮ್ಮನಿದ್ದದ್ದು ಇದಕ್ಕೆ.

ಅದು ಇರಲಿ. ಅದಕ್ಕಿಂತ ಕೆಟ್ಟದ್ದು ಅವತ್ತು ನಿನ್ನನ್ನು ಮನೆಗೆ ಕರೆತರುವಾಗ ಆಯಿತು. ಬಾಯಿಗೆ ಅರಳೆ ಒತ್ತಿಕೊಂಡು ನೀನು ಕೇಳಿದೆ: "ಆ ಡಾಕ್ಟರ್ ಕೆಟ್ಟಂವ ಅಲ್ಲೇನವ್ವಾ?" ನಾನು, "ಹೂಂ, ಕೆಟ್ಟಂವ" ಎಂದೆ. ಅವರು ತೀರಿಕೊಂಡು ಹನ್ನೊಂದು ವರ್ಷ ಆಯಿತು. ನೀನು ಅವರನ್ನು ಕಟುಕ ಎಂದಾಗಲೆಲ್ಲ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ನಿನ್ನ ಅಂಜಿಕೆಗೆ ಅವರ ಹೆಸರಿಟ್ಟೆ, ಈಗ ಅದೇ ಅಂಜಿಕೆ ಸಾನಿಕಾಳ ದವಡೆಯಲ್ಲಿ ಕೀವಾಗಿ ಕುಳಿತಿದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಗುರುವಾರ ನಾನು ಬರುವುದಿಲ್ಲ. ನನ್ನ ಮುಖ ನೋಡಬಾರದು ಎನಿಸಿದರೆ ನೋಡಬೇಡ, ಫೋನೂ ಮಾಡಬೇಡ. ಸಂತಪುರದಿಂದ ಬೀದರ್‌ಗೆ ಹೋಗುವ ಬಸ್ಸು ಭಾಲ್ಕಿಯ ಮೇಲೆ ಬರುವುದಿಲ್ಲ. ನೇರ ಹೋಗಿ, ಮಗುವಿನ ಹಲ್ಲು ತೋರಿಸಿಕೊಂಡು, ನೇರ ಮನೆಗೆ ಹೋಗು.